ಕಬ್ಬಿಣದ ಸೀಮೆಯಲ್ಲಿ ಕಬ್ಬಿಣದ ಬರ

ಬಳ್ಳಾರಿಯ ಯಾವ ಲ್ಯಾಬಿನಲ್ಲಿ ಸಿಬಿಸಿ ಪರೀಕ್ಷೆಗೆ ರಕ್ತ ಕೊಟ್ಟರೂ ಅದು ಸೇರುವುದು ನೇರಳೆ ಮುಚ್ಚಳದ ಪುಟ್ಟ ಕೊಳವೆಗೆ. ಕೊಳವೆಯ ಒಳಮೈಗೆ ಇಡಿಟಿಎ ಎಂಬ ರಾಸಾಯನಿಕ ಸವರಿರುತ್ತಾರೆ. ಅತ್ತ ಸಿರುಗುಪ್ಪದ ಗೊಬ್ಬರದಂಗಡಿಯಲ್ಲಿ, ಭತ್ತದ ಎಲೆ ಕಂದಾಗುತ್ತಿದೆ ಎಂದು ಹೇಳಿದ ರೈತನ ಕೈಗೆ ಬರುವ ‘ಚಿಲೇಟೆಡ್ ಜಿಂಕ್’ ಪೊಟ್ಟಣದಲ್ಲೂ ಇರುವುದು ಅದೇ ಇಡಿಟಿಎ.

ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು. ಕೊಳವೆಯ ಇಡಿಟಿಎ ಆ ಕ್ಯಾಲ್ಸಿಯಂ ಅನ್ನು ಸುತ್ತುವರಿದು ಹಿಡಿದುಬಿಡುವುದರಿಂದ ರಕ್ತ ನೀರಾಗಿಯೇ ಉಳಿಯುತ್ತದೆ, ಯಂತ್ರ ಕಣಗಳನ್ನು ಎಣಿಸುತ್ತದೆ. (ಕ್ಯಾಲ್ಸಿಯಂ ಪರೀಕ್ಷೆಗೆ ಬೇರೆ ಬಣ್ಣದ ಮುಚ್ಚಳದ ಕೊಳವೆ ಬಳಸುವುದು ಇದೇ ಕಾರಣಕ್ಕೆ.) ಪೊಟ್ಟಣದ ಇಡಿಟಿಎ ಹಾಗಲ್ಲ. ಅದು ಬರುವಾಗಲೇ ಸತುವನ್ನು ಹಿಡಿದು ತರುತ್ತದೆ, ಎಲೆಗೆ ಒಪ್ಪಿಸುತ್ತದೆ. ಒಂದೇ ವಸ್ತು ಒಂದು ಕಡೆ ಕಸಿಯುತ್ತದೆ, ಇನ್ನೊಂದು ಕಡೆ ಉಣಿಸುತ್ತದೆ. ಹೀಗೆ ಲೋಹವನ್ನು ಹಿಡಿಯುವ ಲೋಹಬಂಧಕಗಳು (ಚಿಲೇಟರ್‌ಗಳು) ಹೊಲದಲ್ಲಿ, ಅಡುಗೆಮನೆಯಲ್ಲಿ, ಔಷಧದ ಡಬ್ಬಿಯಲ್ಲಿ, ನಮ್ಮ ರಕ್ತದಲ್ಲಿಯೂ ಇವೆ. ಅವು ಯಾರಿಂದ ಲೋಹ ಕಸಿಯುತ್ತವೆ, ಯಾರಿಗೆ ಕೊಡುತ್ತವೆ, ಎಲ್ಲಿ ಕೈಬಿಡುತ್ತವೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೆ ಹೊಲದಲ್ಲಿ ದುಡ್ಡು ಉಳಿಯುತ್ತದೆ, ಮನೆಯಲ್ಲಿ ನುಂಗಿದ ಮಾತ್ರೆ ಕೆಲಸ ಮಾಡುತ್ತದೆ.

ಇಡಿಟಿಎ ಹುಟ್ಟಿದ ಕಥೆ ಜೀನ್ಸ್ ಊರಾದ ಬಳ್ಳಾರಿಗೆ ಅಪರಿಚಿತವೆನಿಸದು. 1930ರ ದಶಕದ ಜರ್ಮನಿಯಲ್ಲಿ ಫರ್ಡಿನಾಂಡ್ ಮ್ಯೂಂಟ್ಸ್ ಎಂಬ ರಸಾಯನಶಾಸ್ತ್ರಜ್ಞ ಬಟ್ಟೆಗೆ ಬಣ್ಣ ಹಾಕುವವರ ತಾಪತ್ರಯಕ್ಕೆ ಪರಿಹಾರ ಹುಡುಕುತ್ತಿದ್ದ. ಗಡಸು ನೀರಿನ ಕ್ಯಾಲ್ಸಿಯಂ ಬಣ್ಣವನ್ನು ಕೆಡಿಸುತ್ತಿತ್ತು. ಅದನ್ನು ತಡೆಯಲು ಬಳಸುತ್ತಿದ್ದ ಸಿಟ್ರಿಕ್ ಆಮ್ಲಕ್ಕೆ ಬದಲಿಯಾಗಿ 1935ರಲ್ಲಿ ಅವನು ಇಡಿಟಿಎ ತಯಾರಿಸಿದ. ಒಂದು ಲೋಹದ ಅಯಾನನ್ನು ಆರು ಕಡೆಯಿಂದ ಕಟ್ಟಿಹಾಕಬಲ್ಲ ಅಣು ಅದು.

ಈ ಹಿಡಿತವನ್ನು ಅಂಕಿಯಲ್ಲಿ ಅಳೆಯಬಹುದು. ಇಡಿಟಿಎಗೆ ಕ್ಯಾಲ್ಸಿಯಂ ಮೇಲಿನ ಹಿಡಿತ 10.7, ಸತುವಿನ ಮೇಲೆ 16.5, ಸೀಸದ ಮೇಲೆ 18, ತುಕ್ಕಿನ ರೂಪದ ಫೆರಿಕ್ ಕಬ್ಬಿಣದ ಮೇಲೆ 25ರಷ್ಟು. ಒಂದು ಅಂಕಿ ಏರಿದರೆ ಹಿಡಿತ ಹತ್ತು ಪಟ್ಟು ಬಿಗಿಯಾದಂತೆ. ಈ ಪಟ್ಟಿಯನ್ನೇ ನಂಬಿದರೆ, ಒಮ್ಮೆ ಕಬ್ಬಿಣ ಹಿಡಿದ ಇಡಿಟಿಎ ಅದನ್ನು ಕ್ಯಾಲ್ಸಿಯಂಗಾಗಿ ಎಂದೂ ಬಿಡಬಾರದು. ಆದರೆ ಬಳ್ಳಾರಿಯ ಎರೆ ಮಣ್ಣಿನಲ್ಲಿ ಬಿಟ್ಟುಬಿಡುತ್ತದೆ! ಪುಸ್ತಕದ ಅಂಕಿ ಮತ್ತು ಹೊಲದ ಮಣ್ಣಿನ ನಡುವಿನ ಈ ಅಂತರದಲ್ಲೇ ರೈತನ ದುಡ್ಡು ಸೋರುವುದು.

ಸಿರುಗುಪ್ಪದ ಭತ್ತ, ಕುರುಗೋಡಿನ ಶೇಂಗಾ

ತುಂಗಭದ್ರೆಯ ಕೆಳಮಟ್ಟದ ಕಾಲುವೆ ಬಂದ ಮೇಲೆ ಸಿರುಗುಪ್ಪದ ಎರೆ ಭೂಮಿ ಭತ್ತದ ಗದ್ದೆಯಾಯಿತು. ಎರೆ ಮಣ್ಣು ಸಾಮಾನ್ಯವಾಗಿ ಕ್ಷಾರೀಯ. ರಸಸಾರ, ಅಂದರೆ ಪಿಎಚ್, 8ರ ಮೇಲೆ. ಕೆಳಗೆ ಸುಣ್ಣದ ಗರಸು. ನೀರು ನಿಂತ ಇಂಥ ಗದ್ದೆಯಲ್ಲಿ ಸತುವು ಬೈಕಾರ್ಬೊನೇಟ್, ಸಲ್ಫೈಡ್‌ಗಳ ಜೊತೆ ಸೇರಿ ಬೇರಿಗೆ ಸಿಗದಂತಾಗುತ್ತದೆ. ನಾಟಿ ಮಾಡಿ ಎರಡರಿಂದ ನಾಲ್ಕು ವಾರಕ್ಕೆ ಕೆಳಗಿನ ಎಲೆಗಳಲ್ಲಿ ತುಕ್ಕು ಬಣ್ಣದ ಚುಕ್ಕೆ ಕಾಣುತ್ತವೆ, ಹೊಸ ಎಲೆಯ ಬುಡದ ನಡುನರ ಬಿಳಿಚಿಕೊಳ್ಳುತ್ತದೆ, ಪೈರು ಗಿಡ್ಡವಾಗಿಯೇ ನಿಲ್ಲುತ್ತದೆ. ಉತ್ತರ ಭಾರತದಲ್ಲಿ ‘ಖೈರಾ’ ಎಂದು ಕರೆಯುವ ಈ ತೊಂದರೆಗೆ ಸತುವಿನ ಕೊರತೆಯೇ ಕಾರಣವೆಂದು ಪಂತನಗರದ ವಿಜ್ಞಾನಿ ವೈ. ಎಲ್. ನೆನೆ 1966ರಲ್ಲಿ ತೋರಿಸಿಕೊಟ್ಟರು. ಅದಕ್ಕೂ ಮುಂಚೆ ಇದನ್ನು ರೋಗವೆಂದು ತಿಳಿದು ಔಷಧಿ ಹೊಡೆದವರು ಬಹಳ. ಈಗಲೂ ಹೊಡೆಯುವವರಿದ್ದಾರೆ.

ಪೊಟ್ಟಣ ಕೊಳ್ಳುವ ಮುಂಚೆ ಒಂದು ಸಣ್ಣ ಲೆಕ್ಕ ಮಾಡಬೇಕು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಇಡಿಟಿಎ ರೂಪದ ಸತುವಿನಲ್ಲಿ ಇರಬೇಕಾದ ಸತು ಶೇ 12. ಹರಳು ರೂಪದ ಸಾದಾ ಸತುವಿನ ಸಲ್ಫೇಟ್‌ನಲ್ಲಿ ಶೇ 21, ಪುಡಿ ರೂಪದ ಮೊನೊಹೈಡ್ರೇಟ್‌ನಲ್ಲಿ ಶೇ 33. ಎಕರೆಗೆ ಶಿಫಾರಸಿನಂತೆ 10 ಕಿಲೋ ಹರಳು ಸಲ್ಫೇಟ್ ಹಾಕಿದರೆ ಮಣ್ಣಿಗೆ 2.1 ಕಿಲೋ ಸತು ಸೇರುತ್ತದೆ. 100 ಗ್ರಾಂ ಚಿಲೇಟೆಡ್ ಪೊಟ್ಟಣದಿಂದ ಸಿಗುವುದು 12 ಗ್ರಾಂ. ಹಾಗಾಗಿ ಪೊಟ್ಟಣ ಬುಡಗೊಬ್ಬರಕ್ಕೆ ಬದಲಿಯಾಗುವುದಿಲ್ಲ. ಬೆಳೆ ನಿಂತಿದೆ, ಚುಕ್ಕೆ ಕಂಡಿದೆ, ಮಣ್ಣಿಗೆ ಹಾಕುವ ಹೊತ್ತು ಮೀರಿದೆ ಎಂದಾಗ ಎಲೆಯ ಮೂಲಕ ಕೊಡುವ ತುರ್ತು ಉಪಚಾರ ಅದು. ಅದಕ್ಕೂ ಅಗ್ಗದ ಹಾದಿ ಇದೆ: ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎಲೆ ಸುಡದಿರಲು 2.5 ಗ್ರಾಂ ಸುಣ್ಣದ ತಿಳಿ. ಇಡಿಟಿಎಗೆ ಕೊಟ್ಟ ಹೆಚ್ಚಿನ ಬೆಲೆ ಸಾರ್ಥಕವಾಗುವುದು ಬೇರೆ ಗೊಬ್ಬರದ ಜೊತೆ ಬೆರೆಸಿ ಸಿಂಪಡಿಸುವಾಗ. ಬರಿ ಸಲ್ಫೇಟನ್ನು ಡಿಎಪಿ ಜೊತೆ ಕಲಸಿದರೆ ಸತು–ರಂಜಕ ಕೂಡಿ ಕರಗದ ಗಸಿಯಾಗುತ್ತದೆ, ಎರಡೂ ದಂಡ. ಇಡಿಟಿಎ ಹಿಡಿದ ಸತುವಿಗೆ ರಂಜಕ ಸುಲಭವಾಗಿ ಕೈಹಾಕಲಾರದು.

ಕಾಲುವೆಯ ಕೊನೆ ಭಾಗದಲ್ಲಿ ನೀರು ಸಾಲದೆ ಕೂರಿಗೆ ಭತ್ತಕ್ಕೆ ಹೊರಳಿದವರಿಗೆ ಬೇರೆಯದೇ ಪೀಡೆ. ನಿಂತ ನೀರಿನಲ್ಲಿ ಕಬ್ಬಿಣ ಕರಗುವ ಫೆರಸ್ ರೂಪಕ್ಕೆ ಬರುತ್ತದೆ, ಹಾಗಾಗಿ ಗದ್ದೆ ಭತ್ತಕ್ಕೆ ಅದರ ಕೊರತೆ ಅಪರೂಪ. ನೀರು ನಿಲ್ಲಿಸದ ಹೊಲದಲ್ಲಿ ಕಬ್ಬಿಣ ತುಕ್ಕಾಗಿಯೇ ಕುಳಿತಿರುತ್ತದೆ. ಎಳೆಯ ಎಲೆಗಳು ನರ ಹಸಿರಾಗಿದ್ದೂ ನಡುವೆ ಹಳದಿಯಾಗುತ್ತವೆ, ಹೆಚ್ಚಾದರೆ ಬಿಳಿಯಾಗುತ್ತವೆ. ಯೂರಿಯಾ ಸಾಲದೆಂದು ತಪ್ಪು ತಿಳಿಯುವುದು ಇಲ್ಲೇ. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಹಳೆಯ ಎಲೆ. ಕಬ್ಬಿಣ ಕಡಿಮೆಯಾದರೆ ಹೊಸ ಎಲೆ.

ಇದೇ ಹಳದಿ ಕುರುಗೋಡು ಸೀಮೆಯ ಸುಣ್ಣದ ಮಣ್ಣಿನಲ್ಲಿ ಶೇಂಗಾಕ್ಕೂ ಬರುತ್ತದೆ. ಸಂಡೂರಿನ ಅದಿರು ತುಂಬಿದ ಲಾರಿಗಳು ಜಿಲ್ಲೆಯ ರಸ್ತೆಗಳನ್ನು ಕೆಂಪಾಗಿಸುತ್ತವೆ, ಎರೆ ಹೊಲದಲ್ಲೂ ಕಬ್ಬಿಣಕ್ಕೆ ಬರವಿಲ್ಲ. ಬರವಿರುವುದು ಬೇರಿನ ತುದಿಯಲ್ಲಿ. ಸುಣ್ಣದ ಮಣ್ಣಿನಲ್ಲಿ ಕರಗಿದ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಬೇರಿಗೆ ಬೇಕಾದದ್ದು ಕರಗಿದ್ದೇ. ಗಿಡಗಳು ಇದಕ್ಕೆ ತಮ್ಮದೇ ಉಪಾಯ ಮಾಡಿಕೊಂಡಿವೆ. ಜೋಳ, ಮೆಕ್ಕೆಜೋಳದಂಥ ಹುಲ್ಲಿನ ಜಾತಿಯ ಬೆಳೆಗಳು ಬೇರಿನಿಂದ ಲೋಹಬಂಧಕವನ್ನು ಮಣ್ಣಿಗೆ ಬಿಡುತ್ತವೆ. ಅದು ತುಕ್ಕಿನಿಂದ ಕಬ್ಬಿಣ ಕಿತ್ತು ತಂದಾಗ ಇಡೀ ಜೋಡಿಯನ್ನೇ ಬೇರು ಒಳಗೆಳೆದುಕೊಳ್ಳುತ್ತದೆ. ಜಪಾನಿನ ವಿಜ್ಞಾನಿ ತಕಾಗಿ 1976ರಲ್ಲಿ ಇದನ್ನು ಬೆಳಕಿಗೆ ತಂದರು. ಶೇಂಗಾಕ್ಕೆ ಈ ವಿದ್ಯೆ ಗೊತ್ತಿಲ್ಲ. ಅದು ಬೇರಿನ ಬಳಿ ಹುಳಿ ಬಿಟ್ಟು ಕಬ್ಬಿಣವನ್ನು ಕರಗಿಸಿಕೊಳ್ಳಲು ನೋಡುತ್ತದೆ, ಸುಣ್ಣ ಆ ಹುಳಿಯನ್ನು ಸಾಯಿಸುತ್ತದೆ. ಮೆಕ್ಕೆಜೋಳದ ಪಕ್ಕದ ಸಾಲಿನಲ್ಲಿ ಬೆಳೆದ ಶೇಂಗಾ ಅಷ್ಟಾಗಿ ಹಳದಿಯಾಗುವುದಿಲ್ಲವೆಂದು ಚೀನಾದ ಕೃಷಿ ವಿಜ್ಞಾನಿಗಳು ಗಮನಿಸಿದ್ದಾರೆ. ನೆರೆಯ ಬೇರು ತಂದ ಕಬ್ಬಿಣದಲ್ಲಿ ಇದಕ್ಕೂ ಪಾಲು. ಶೇಂಗಾದ ನಡುವೆ ಜೋಳದ ಅಕ್ಕಡಿ ಸಾಲು ಬಿಡುತ್ತಿದ್ದ ಹಳೆಯ ಕೃಷಿಕರು ಇದಕ್ಕಾಗಿಯೇ ಹಾಗೆ ಮಾಡುತ್ತಿದ್ದರು ಎಂದೇನೂ ಹೇಳಬೇಕಿಲ್ಲ, ರೂಢಿಯನ್ನು ಮತ್ತೆ ನೋಡಲು ಇದೊಂದು ಕಾರಣ ಅಷ್ಟೆ.

ಇಡಿಟಿಎ ಕಬ್ಬಿಣವನ್ನು ಮಣ್ಣಿಗೆ ಹಾಕಿದರೆ ಏನಾಗುತ್ತದೆ? ರಸಸಾರ 6.5 ದಾಟುತ್ತಿದ್ದಂತೆ ಮಣ್ಣಿನ ಕ್ಷಾರ ಕಬ್ಬಿಣವನ್ನು ತುಕ್ಕಿನತ್ತ ಎಳೆಯುತ್ತದೆ, ಸುತ್ತ ಕಿಕ್ಕಿರಿದ ಕ್ಯಾಲ್ಸಿಯಂ ಖಾಲಿಯಾದ ಇಡಿಟಿಎಯನ್ನು ಆಕ್ರಮಿಸುತ್ತದೆ. ಒಂದೊಂದರ ಬಲ ಕಡಿಮೆಯಾದರೂ ಕ್ಯಾಲ್ಸಿಯಂ ಸಂಖ್ಯೆಯಲ್ಲಿ ಗೆಲ್ಲುತ್ತದೆ. ಎರೆ ಭೂಮಿಗೆ ಮಣ್ಣಿನ ಮೂಲಕವೇ ಕೊಡಬೇಕೆಂದರೆ ಇಡಿಡಿಎಚ್‌ಎ ಎಂಬ ಬೇರೆ ಬಂಧಕ ಬೇಕು. ಅದು ರಸಸಾರ 9ರವರೆಗೂ ಕಬ್ಬಿಣ ಬಿಡುವುದಿಲ್ಲ, ಕರಗಿಸಿದಾಗ ನೀರು ಕಡುಗೆಂಪಾಗುತ್ತದೆ. ಬೆಲೆ ದುಬಾರಿ. ಹನಿ ನೀರಾವರಿ ಇರುವ ಅಂಜೂರ, ದಾಳಿಂಬೆ ತೋಟಕ್ಕೆ ಹೊಂದೀತು, ಶೇಂಗಾಕ್ಕೆ ಗಿಟ್ಟದು. ಶೇಂಗಾಕ್ಕೆ, ಕೂರಿಗೆ ಭತ್ತಕ್ಕೆ ಸಿಂಪಡಣೆಯೇ ಸರಿ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಬಿಸಿಲು ಇಳಿದ ಮೇಲೆ, ಹತ್ತು ದಿನದ ಅಂತರದಲ್ಲಿ ಎರಡು ಮೂರು ಸಲ. ಇಲ್ಲಿ ಸಿಟ್ರಿಕ್ ಆಮ್ಲವೂ ಲೋಹಬಂಧಕವೇ: ಕಬ್ಬಿಣ ತುಕ್ಕಾಗದಂತೆ ಹಿಡಿದಿಡುತ್ತದೆ. ಅದನ್ನು ಮೊದಲು ನೀರಿಗೆ ಹಾಕಿ, ಆಮೇಲೆ ಅನ್ನಭೇದಿ ಹಾಕಬೇಕು. ದ್ರಾವಣ ತಿಳಿ ಹಸಿರಾಗಿದ್ದರೆ ಒಳ್ಳೆಯದು. ಟ್ಯಾಂಕಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದರೆ ಹೊಡೆದೂ ಪ್ರಯೋಜನವಿಲ್ಲ. ಅನ್ನಭೇದಿಯನ್ನು ತಿಪ್ಪೆಗೊಬ್ಬರದಲ್ಲಿ ಬೆರೆಸಿ ಕೆಲವು ವಾರ ಕೊಳೆಸಿ ಹಾಕುವುದೂ ಒಳ್ಳೆಯ ಮಾರ್ಗ, ಗೊಬ್ಬರದ ಹ್ಯೂಮಿಕ್ ಆಮ್ಲಗಳು ಬಿಟ್ಟಿ ಬಂಧಕಗಳು.

ಇದನ್ನೆಲ್ಲ ಊಹೆಯ ಮೇಲೆ ಮಾಡಬೇಕಾಗಿಲ್ಲ. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಸತು, ಕಬ್ಬಿಣದ ಅಂಕಿಗಳಿರುತ್ತವೆ. ಅವನ್ನು ಅಳೆಯುವುದೂ ಒಂದು ಲೋಹಬಂಧಕದಿಂದ. ಡಿಟಿಪಿಎ ದ್ರಾವಣದಲ್ಲಿ ಮಣ್ಣನ್ನು ಅಲುಗಾಡಿಸಿ, ಅದು ಕಿತ್ತು ತಂದಷ್ಟನ್ನು ಬೇರಿಗೆ ಸಿಗುವ ಪಾಲೆಂದು ಲೆಕ್ಕ ಹಿಡಿಯುತ್ತಾರೆ. ಲಿಂಡ್ಸೆ ಮತ್ತು ನಾರ್ವೆಲ್ 1978ರಲ್ಲಿ ಪ್ರಕಟಿಸಿದ ವಿಧಾನ ಇದು. ಕಿಲೋ ಮಣ್ಣಿಗೆ ಸತು 0.6 ಮಿಲಿಗ್ರಾಂಗಿಂತ, ಕಬ್ಬಿಣ 4.5 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. ಅಂಕಿ ಇದಕ್ಕಿಂತ ಸಾಕಷ್ಟು ಮೇಲಿದ್ದರೆ ಪೊಟ್ಟಣ ಬೇಕಿಲ್ಲ. ಸಿರುಗುಪ್ಪ ಮತ್ತು ಹಗರಿಯ ಕೃಷಿ ಸಂಶೋಧನಾ ಕೇಂದ್ರಗಳು ರಾಯಚೂರು ಕೃಷಿ ವಿಶ್ವವಿದ್ಯಾಲಯದವು. ಕಾರ್ಡು ಹಿಡಿದು ಹೋಗಿ ಕೇಳಿದರೆ ಅಂಗಡಿಯ ಸಲಹೆಗಿಂತ ಭಿನ್ನವಾದದ್ದೇನಾದರೂ ಸಿಕ್ಕೀತು.

ಮೆಣಸಿನಕಾಯಿ ಸಸಿ ಮಡಿಗೆ ಬಳಸುವ ಸ್ಯೂಡೋಮೊನಾಸ್ ಪುಡಿಯ ಗುಟ್ಟಿನಲ್ಲೂ ಒಂದು ಭಾಗ ಲೋಹ ಹಿಡಿಯುವ ಈ ವಿದ್ಯೆಯೇ. ಈ ಬ್ಯಾಕ್ಟೀರಿಯಾ ಹೊರಬಿಡುವ ಹೊಳೆಯುವ ಹಳದಿ ಹಸಿರು ವಸ್ತು ಬೇರಿನ ಸುತ್ತಲ ಕಬ್ಬಿಣವನ್ನು ಬಾಚಿಕೊಂಡು ರೋಗದ ಶಿಲೀಂಧ್ರವನ್ನು ಉಪವಾಸ ಕೆಡವುತ್ತದೆ. ಅದರ ಜೊತೆ ತಾಮ್ರದ ಔಷಧಿ ಬೆರೆಸಿದರೆ ಬ್ಯಾಕ್ಟೀರಿಯಾವೇ ಸಾಯುತ್ತದೆ.

ಗ್ಲೈಫೋಸೇಟಿನ ಎರಡು ಮುಖ

ಕಳೆನಾಶಕ ಗ್ಲೈಫೋಸೇಟ್ ಕೂಡ ಲೋಹ ಹಿಡಿಯುತ್ತದೆ. ಆ ಬಗೆಯ ಸಂಯುಕ್ತಗಳಿಗೆ ಲೋಹಬಂಧಕಗಳೆಂದೇ 1964ರಲ್ಲಿ ಅಮೆರಿಕದ ಸ್ಟಾಫರ್ ಕಂಪನಿ ಪೇಟೆಂಟ್ ಪಡೆದಿತ್ತು. ಅದು ಕಳೆ ಕೊಲ್ಲುತ್ತದೆಂದು ಮಾನ್ಸಾಂಟೊದ ಜಾನ್ ಫ್ರಾಂಜ್ ಕಂಡುಕೊಂಡದ್ದು 1970ರಲ್ಲಿ. ಕೊಲ್ಲುವ ಮುಖ್ಯ ಬಗೆ ಬೇರೆ: ಗಿಡ ಕೆಲವು ಅಮೈನೊ ಆಮ್ಲ ತಯಾರಿಸಲು ಬಳಸುವ ಒಂದು ಕಿಣ್ವವನ್ನು ಅದು ನಿಲ್ಲಿಸುತ್ತದೆ. ಲೋಹ ಹಿಡಿಯುವ ಗುಣ ರೈತನಿಗೆ ತಟ್ಟುವುದು ಕೊಳವೆಬಾವಿಯ ಗಡಸು ನೀರಿನಲ್ಲಿ. ನೀರಿನ ಕ್ಯಾಲ್ಸಿಯಂ ಗ್ಲೈಫೋಸೇಟನ್ನು ಕಟ್ಟಿಹಾಕಿದರೆ ಅದು ಎಲೆಯೊಳಗೆ ಇಳಿಯುವುದಿಲ್ಲ, ಕಳೆ ಸಾಯುವುದಿಲ್ಲ, ರೈತ ಡೋಸ್ ಏರಿಸುತ್ತಾನೆ. ಟ್ಯಾಂಕಿಗೆ ಮೊದಲು ಅಮೋನಿಯಂ ಸಲ್ಫೇಟ್ ಕರಗಿಸಿ ಆಮೇಲೆ ಔಷಧಿ ಹಾಕುವುದು, ಇಲ್ಲವೇ ಮಳೆ ನೀರು, ಕಾಲುವೆ ನೀರು ಬಳಸುವುದು ಇದಕ್ಕೆ ಪರಿಹಾರ. ಮೆಗ್ನೀಷಿಯಂ, ಸತುವಿನ ಗೊಬ್ಬರವನ್ನು ಅದೇ ಟ್ಯಾಂಕಿಗೆ ಹಾಕಿದರೆ ಎರಡೂ ಕೆಡುತ್ತವೆ.

ಇದೇ ಗುಣವನ್ನು ಹಿಡಿದು, ಗ್ಲೈಫೋಸೇಟ್ ಗಡಸು ನೀರಿನ ಲೋಹಗಳನ್ನು ಮೂತ್ರಪಿಂಡಕ್ಕೆ ಹೊತ್ತೊಯ್ದು ಅದನ್ನು ಕೆಡಿಸುತ್ತದೆಂಬ ಊಹೆಯನ್ನು ಶ್ರೀಲಂಕಾದಲ್ಲಿ 2014ರಲ್ಲಿ ಮುಂದಿಟ್ಟರು. ಮರುವರ್ಷ ಅಲ್ಲಿ ಅದರ ನಿಷೇಧವಾಯಿತು, 2022ರ ಹೊತ್ತಿಗೆ ತೆರವೂ ಆಯಿತು. ಊಹೆ ಇನ್ನೂ ಸಾಬೀತಾಗಿಲ್ಲ. ಹಾಗೆಂದು ಬರಿಗೈಯಲ್ಲಿ ಕಲಸಬಹುದೆಂದು ಅರ್ಥವಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಅದನ್ನು ಕ್ಯಾನ್ಸರ್‌ಕಾರಕ ಆಗಿರಬಹುದಾದವುಗಳ ಪಟ್ಟಿಗೆ ಸೇರಿಸಿದೆ. ಬೇರೆ ನಿಯಂತ್ರಣ ಸಂಸ್ಥೆಗಳು ಇದನ್ನು ಒಪ್ಪಿಲ್ಲ. ಕೈಗವಸಂತೂ ಯಾರ ಪರ ನಿಂತರೂ ಬೇಕು.

ತಟ್ಟೆಯಲ್ಲಿ, ಮಾತ್ರೆಯ ಡಬ್ಬಿಯಲ್ಲಿ

ಬಳ್ಳಾರಿಯ ಬೆಳಗು ಉಗ್ಗಾಣಿ, ಮಿರ್ಚಿ, ಜೊತೆಗೊಂದು ಕಪ್ ಚಹಾ. ಉಗ್ಗಾಣಿಯ ಮೇಲೆ ಹಿಂಡಿದ ನಿಂಬೆ ಕಬ್ಬಿಣವನ್ನು ಕರಗಿಸಿ ಕರುಳಿಗೆ ದಾಟಿಸುತ್ತದೆ, ಹಿಂದೆಯೇ ಬಂದ ಚಹಾದ ಟ್ಯಾನಿನ್ ಅದನ್ನು ಕಟ್ಟಿಹಾಕುತ್ತದೆ. ದಕ್ಷಿಣ ಆಫ್ರಿಕದಲ್ಲಿ ಭಾರತೀಯ ಮೂಲದ ಮಹಿಳೆಯರ ಮೇಲೆ ನಡೆದು 1975ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟದ ಜೊತೆ ಚಹಾ ಕುಡಿದಾಗ ಆಹಾರದ ಕಬ್ಬಿಣ ಮೈಗೆ ಹತ್ತುವುದು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಚಹಾ ಬಿಡಬೇಕಿಲ್ಲ, ಊಟ ತಿಂಡಿಯಿಂದ ಒಂದು ಗಂಟೆ ಆಚೆ ಸರಿಸಿದರೆ ಸಾಕು.

ಜೋಳ, ಸಜ್ಜೆ, ಬೇಳೆಗಳಲ್ಲಿ ಫೈಟಿಕ್ ಆಮ್ಲ ಇರುತ್ತದೆ. ಬೀಜ ತನ್ನ ಮೊಳಕೆಗಾಗಿ ಕೂಡಿಟ್ಟ ರಂಜಕದ ಉಗ್ರಾಣ ಅದು. ನಮ್ಮ ಕರುಳಿನಲ್ಲಿ ಸತು, ಕಬ್ಬಿಣ ಎರಡನ್ನೂ ಹಿಡಿದುಕೊಂಡು ಹೊರಗೆ ಹೋಗುತ್ತದೆ. ಬಿಹಾರದ ಬಕ್ಸರಿನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್‌ನಲ್ಲಿದ್ದಾಗ, 21 ವರ್ಷದ ಯುವಕನೊಬ್ಬ ಹತ್ತು ವರ್ಷದ ಹುಡುಗನಂತೆ ಕಾಣುತ್ತಿದ್ದುದನ್ನು ನೋಡಿದರು. ಅವನ ಆಹಾರ ಹುಳಿ ಬರಿಸದ ಗೋದಿ ರೊಟ್ಟಿ, ಜೊತೆಗೆ ಮಣ್ಣು ತಿನ್ನುವ ಚಟ. ಮನುಷ್ಯನಿಗೆ ಸತುವಿನ ಕೊರತೆ ಬರಬಲ್ಲದು ಎಂಬುದು ಜಗತ್ತಿಗೆ ತಿಳಿದದ್ದು ಅಲ್ಲಿಂದ ಶುರುವಾದ ಅವರ ಕೆಲಸದಿಂದ. ಅದಕ್ಕೆ ಹೆದರಿ ಜೋಳದ ರೊಟ್ಟಿ ಬಿಡುವುದು ತಪ್ಪು ಲೆಕ್ಕ. ಜೊತೆಗೆ ಮೊಳಕೆ ಕಾಳಿನ ಪಲ್ಯ, ಹಸಿ ಸೊಪ್ಪು, ನಿಂಬೆ ಇರಲಿ. ನೆನೆಸುವುದು, ಮೊಳಕೆ ಬರಿಸುವುದು, ಅಂಬಲಿಯಂತೆ ಹುಳಿ ಬರಿಸುವುದು ಇವೆಲ್ಲ ಫೈಟಿಕ್ ಆಮ್ಲವನ್ನು ಒಡೆಯುತ್ತವೆ. ಸೋಡಾ ಹಾಕಿ ಉಬ್ಬಿಸಿದರೆ ಆ ಲಾಭ ಸಿಗದು.

ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಎರಡು ಮಾತ್ರೆಗಳಲ್ಲಿ ಒಂದು ಕಬ್ಬಿಣದ್ದು, ಇನ್ನೊಂದು ಕ್ಯಾಲ್ಸಿಯಂದು. ಕ್ಯಾಲ್ಸಿಯಂ ಜೊತೆಗಿದ್ದರೆ ಕಬ್ಬಿಣ ಕರುಳು ದಾಟುವುದು ಕಡಿಮೆಯಾಗುವುದರಿಂದ ಎರಡನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಇರಬೇಕು. ಕ್ಯಾಲ್ಸಿಯಂ ಊಟದ ಜೊತೆ. ಕಬ್ಬಿಣದ ಮಾತ್ರೆ ಊಟದಿಂದ ದೂರ, ನಿಂಬೆ ಪಾನಕದ ಜೊತೆಯಾದರೆ ಇನ್ನೂ ಒಳ್ಳೆಯದು. ಹಾಲಿನ ಜೊತೆ ಕೂಡದು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೂ ಈ ಎರಡಕ್ಕೂ ನಡುವೆ ನಾಲ್ಕು ಗಂಟೆ ಬಿಡಬೇಕು. ಥೈರಾಯ್ಡ್ ಅಂಕಿ ಇಳಿಯುತ್ತಲೇ ಇಲ್ಲವೆಂದು ಡೋಸ್ ಏರಿಸುತ್ತಾ ಹೋಗುವ ಕೆಲವು ಮನೆಗಳಲ್ಲಿ ನಿಜವಾದ ಕಾರಣ ಬೆಳಗಿನ ಒಂದೇ ಗುಟುಕಿಗೆ ನುಂಗಿದ ಮೂರು ಮಾತ್ರೆಗಳು.

ಟೆಟ್ರಾಸೈಕ್ಲಿನ್ ಗುಂಪಿನ ಆ್ಯಂಟಿಬಯೋಟಿಕ್‌ಗಳು ಹುಟ್ಟಾ ಲೋಹಬಂಧಕಗಳು. ಅವುಗಳ ಮೊದಲನೆಯದಾದ ಆರಿಯೋಮೈಸಿನ್ 1948ರಲ್ಲಿ ಹೊರಬಂದದ್ದು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಈ ಔಷಧಗಳು ಕ್ಯಾಲ್ಸಿಯಂಗೆ ಅಂಟಿಕೊಳ್ಳುವುದರಿಂದ, ಎಳೆಯ ಮಕ್ಕಳಿಗೆ ಕೊಟ್ಟಾಗ ಬೆಳೆಯುತ್ತಿರುವ ಹಲ್ಲಿನಲ್ಲೇ ಕುಳಿತು ಕಂದು ಹಳದಿ ಕಲೆ ಉಳಿಸಿದವು. ಎಂಟು ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ ಟೆಟ್ರಾಸೈಕ್ಲಿನ್ ಬೇಡವೆನ್ನುವುದು ಅದಕ್ಕೆ. ದೊಡ್ಡವರಿಗೆ ಡಾಕ್ಸಿಸೈಕ್ಲಿನ್ ಅಥವಾ ಸಿಪ್ರೊಫ್ಲಾಕ್ಸಸಿನ್ ಬರೆದಾಗ, ‘ಮಾತ್ರೆ ಉಷ್ಣ’ ಎಂದು ಹಾಲು, ಮಜ್ಜಿಗೆ ಜೊತೆ ನುಂಗುವುದು ನಮ್ಮಲ್ಲಿ ರೂಢಿ. ಹಾಲಿನ ಕ್ಯಾಲ್ಸಿಯಂ, ಗ್ಯಾಸ್ ಔಷಧಿಯ ಅಲ್ಯೂಮಿನಿಯಂ–ಮೆಗ್ನೀಷಿಯಂ, ಟಾನಿಕ್ಕಿನ ಕಬ್ಬಿಣ ಎಲ್ಲವೂ ಔಷಧವನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ಜ್ವರ ಬಿಡದಿದ್ದರೆ ಬೈಗುಳ ಮಾತ್ರ ವೈದ್ಯರಿಗೆ. ನೀರಿನ ಜೊತೆ ನುಂಗಿ, ಇವನ್ನೆಲ್ಲ ಎರಡು ಮೂರು ಗಂಟೆ ದೂರ ಇಡಬೇಕು.

ಆಸ್ಪತ್ರೆಯಲ್ಲಿ

ಥಲಸ್ಸೀಮಿಯಾ ಇರುವ ಮಕ್ಕಳಿಗೆ ಎರಡು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಒಂದು ಬಾಟಲಿ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ. ದೇಹ ದಿನಕ್ಕೆ ಹೊರಹಾಕುವುದು ಸುಮಾರು ಒಂದು ಮಿಲಿಗ್ರಾಂ, ಅದಕ್ಕಿಂತ ಹೆಚ್ಚು ಕಳೆಯುವ ದಾರಿಯೇ ದೇಹಕ್ಕಿಲ್ಲ. ಉಳಿದದ್ದು ಯಕೃತ್ತಿನಲ್ಲಿ, ಹೃದಯದಲ್ಲಿ ಶೇಖರವಾಗುತ್ತಾ ಹೋಗುತ್ತದೆ. ಹತ್ತಿಪ್ಪತ್ತು ಬಾಟಲಿಗಳ ಹೊತ್ತಿಗೆ, ಶೇಖರವಾದ ಕಬ್ಬಿಣವನ್ನು ಸೂಚಿಸುವ ರಕ್ತದ ಫೆರಿಟಿನ್ ಅಂಕಿ 1000 ದಾಟುವುದರಿಂದ ಕಬ್ಬಿಣ ತೆಗೆಯುವ ಔಷಧ ಶುರುಮಾಡುತ್ತಾರೆ.

ಅವುಗಳಲ್ಲಿ ಹಳೆಯದು ಡೆಸ್‌ಫೆರಿಯೊಕ್ಸಮಿನ್. 1960ರ ದಶಕದಿಂದ ಬಳಕೆಯಲ್ಲಿರುವ ಇದು ಬಂದದ್ದು ಸ್ಟ್ರೆಪ್ಟೊಮೈಸಿಸ್ ಪೈಲೋಸಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ. ಜೋಳದ ಬೇರಿನಂತೆ ಆ ಜೀವಿಯೂ ತನ್ನ ಕಬ್ಬಿಣಕ್ಕಾಗಿ ಹೊರಬಿಡುತ್ತಿದ್ದ ಬಂಧಕವನ್ನೇ ಮನುಷ್ಯ ಔಷಧವಾಗಿಸಿಕೊಂಡ. ಹೊಟ್ಟೆಗೆ ಕೊಟ್ಟರೆ ಹತ್ತದು. ವಾರದಲ್ಲಿ ಐದಾರು ರಾತ್ರಿ ಚರ್ಮದಡಿ ಸೂಜಿ ಚುಚ್ಚಿ ಪಂಪಿನಿಂದ ಎಂಟು ಹತ್ತು ಗಂಟೆ ಹರಿಸಬೇಕು. ಅದನ್ನು ದಿನವೂ ಸಹಿಸುವ ಮಗು, ತಾಯಿ ಇಬ್ಬರೂ ಗಟ್ಟಿಗರೇ.

1980ರ ದಶಕದಲ್ಲಿ ಈ ಔಷಧದ ಇನ್ನೊಂದು ಮುಖ ಕಂಡಿತು. ಡಯಾಲಿಸಿಸ್‌ನಲ್ಲಿದ್ದು ಇದನ್ನು ಪಡೆಯುತ್ತಿದ್ದ ಕೆಲವರಿಗೆ ಮ್ಯೂಕರ್ ಶಿಲೀಂಧ್ರದ ಸೋಂಕು ತಗುಲಿತು. ಕೋವಿಡ್ ಕಾಲದಲ್ಲಿ ಕರ್ನಾಟಕವನ್ನು ನಡುಗಿಸಿದ ‘ಕಪ್ಪು ಶಿಲೀಂಧ್ರ’ ಇದೇ. ಕಾರಣ ಹುಡುಕಿದಾಗ ತಿಳಿದದ್ದು: ಮನುಷ್ಯನ ರಕ್ತದಲ್ಲಿ ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಪ್ರೋಟೀನಿನಿಂದ ಕಬ್ಬಿಣ ಕಸಿಯಲು ಹೆಣಗುವ ಶಿಲೀಂಧ್ರಕ್ಕೆ, ಡೆಸ್‌ಫೆರಿಯೊಕ್ಸಮಿನ್ ಹಿಡಿದ ಕಬ್ಬಿಣ ಸಲೀಸಾಗಿ ಸಿಗುತ್ತಿತ್ತು. ಸಕ್ಕರೆ ಕಾಯಿಲೆ ಹದ ತಪ್ಪಿ ರಕ್ತ ಹುಳಿಯಾದಾಗಲೂ ಟ್ರಾನ್ಸ್‌ಫೆರಿನ್ನಿನ ಹಿಡಿತ ಸಡಿಲವಾಗಿ ಹಾಗೇ ಆಗುತ್ತದೆ. ಎರೆ ಮಣ್ಣಿನಲ್ಲಿ ಕ್ಷಾರ ಮಾಡಿದ ಕೆಲಸವನ್ನು ಇಲ್ಲಿ ಹುಳಿ ಮಾಡುತ್ತದೆ.

ಬಾಯಿಗೆ ತೆಗೆದುಕೊಳ್ಳುವ ಡೆಫೆರಿಪ್ರೋನ್ ಮೊದಲು ಪರವಾನಗಿ ಪಡೆದದ್ದು ಭಾರತದಲ್ಲಿ, 1990ರ ದಶಕದ ಮಧ್ಯದಲ್ಲಿ. ಡೆಫೆರಾಸಿರಾಕ್ಸ್ 2005ರಿಂದ. ಮೊದಲನೆಯದನ್ನು ತೆಗೆದುಕೊಳ್ಳುವ ಮಗುವಿಗೆ ಜ್ವರ ಅಥವಾ ಗಂಟಲು ನೋವು ಬಂದರೆ ಅದೇ ದಿನ ಮಾತ್ರೆ ನಿಲ್ಲಿಸಿ ಸಿಬಿಸಿ ಮಾಡಿಸಬೇಕು, ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿದಿರಬಹುದು. ಎರಡನೆಯದಕ್ಕೆ ಮೂತ್ರಪಿಂಡ, ಯಕೃತ್ತಿನ ಪರೀಕ್ಷೆ ತಿಂಗಳಿಗೊಮ್ಮೆ.

ತಾಮ್ರ ಮೈಯಲ್ಲಿ ಶೇಖರವಾಗುವ ವಿಲ್ಸನ್ ಕಾಯಿಲೆಗೆ ಬ್ರಿಟನ್ನಿನ ವೈದ್ಯ ಜಾನ್ ವಾಲ್ಶ್ 1956ರಲ್ಲಿ ಪೆನಿಸಿಲಮೈನ್ ಬಳಸಿದರು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ಕಂಡ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಈ ಕಾಯಿಲೆ. ಸೋದರಮಾವ, ಅತ್ತೆ ಮಗನ ಜೊತೆ ಮದುವೆಯ ರೂಢಿ ಇರುವ ಈ ಭಾಗದಲ್ಲಿ ಅದು ಲೆಕ್ಕಕ್ಕೆ ಬರುವ ಮಾತು. ಹದಿಹರೆಯದ ಮಗುವಿಗೆ ಮಾತು ತೊದಲಿ, ಕೈ ನಡುಗಿ, ಅಕ್ಷರ ಕೆಟ್ಟು, ಕಾರಣವಿಲ್ಲದೆ ಕಾಮಾಲೆ ಬಂದರೆ ಕಣ್ಣಿನ ಕಪ್ಪುಗುಡ್ಡೆಯ ಅಂಚಿನ ಕಂದು ಉಂಗುರ ನೋಡಿಸಬೇಕು. ಒಬ್ಬರಿಗೆ ಇದ್ದರೆ ಒಡಹುಟ್ಟಿದವರಿಗೂ ಪರೀಕ್ಷೆಯಾಗಬೇಕು. ಔಷಧ ಜೀವನಪೂರ್ತಿ, ಆರಾಮಾಯಿತೆಂದು ಬಿಟ್ಟವರಿಗೆ ಕಾಯಿಲೆ ಮರಳಿದೆ.

ಇನ್ನು ಹೃದಯದ ರಕ್ತನಾಳ ತೊಳೆಯುತ್ತೇವೆ, ಮೈಯ ವಿಷ ತೆಗೆಯುತ್ತೇವೆ ಎಂದು ಇಡಿಟಿಎ ಡ್ರಿಪ್ ಹಾಕುವವರ ಮಾತು. ಹೃದಯಾಘಾತವಾದ, ಸಕ್ಕರೆ ಕಾಯಿಲೆಯೂ ಇರುವ ಸುಮಾರು ಸಾವಿರ ಜನರ ಮೇಲೆ ನಡೆದ ‘ಟ್ಯಾಕ್ಟ್–2’ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಡ್ರಿಪ್ ಪಡೆದವರ ರಕ್ತದ ಸೀಸ ಶೇ 61ರಷ್ಟು ಇಳಿದಿತ್ತು, ಹೃದಯದ ತೊಂದರೆ ಇಳಿದಿರಲಿಲ್ಲ. ಅಪಾಯ ಇನ್ನೊಂದಿದೆ. ಔಷಧದ ಇಡಿಟಿಎ ಎರಡು ಬಗೆ: ಕ್ಯಾಲ್ಸಿಯಂ ಡೈಸೋಡಿಯಂ ಮತ್ತು ಬರಿ ಡೈಸೋಡಿಯಂ. ಸೀಸದ ವಿಷಕ್ಕೆ ಕೊಡುವುದು ಮೊದಲನೆಯದು. ಎರಡನೆಯದು ರಕ್ತದ ಕ್ಯಾಲ್ಸಿಯಂ ಅನ್ನೇ ಹಿಡಿಯುತ್ತದೆ, ನೇರಳೆ ಮುಚ್ಚಳದ ಕೊಳವೆಯಲ್ಲಿ ಆಗುವುದು ಮೈಯೊಳಗೇ ಆಗುತ್ತದೆ, ಹೃದಯ ನಿಲ್ಲುತ್ತದೆ. ಅಮೆರಿಕದಲ್ಲಿ 2003ರಿಂದ 2005ರ ನಡುವೆ ಹೀಗೆ ಮೂವರು ಸತ್ತರು, ಅದರಲ್ಲಿ ಇಬ್ಬರು ಮಕ್ಕಳು.

ನಿಜವಾಗಿ ಸೀಸದ ವಿಷವಾಗಿದ್ದರೆ ಕಥೆ ಬೇರೆ. ಹಳೆಯ ಬ್ಯಾಟರಿ ಒಡೆದು ಕರಗಿಸುವ ಜಾಗ, ಹಳೆಯ ಪೇಂಟಿನ ಚಕ್ಕೆ, ಬಣ್ಣ ಬೆರೆಸಿದ ಅರಿಶಿನ, ಲೋಹ ಸೇರಿಸಿದ ಕೆಲವು ಭಸ್ಮಗಳು ಇದರ ಮೂಲ. ಬಳ್ಳಾರಿಯ ಜನ ಇಂದಿಗೂ ‘ವಿಮ್ಸ್’ ಎನ್ನುವ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತೋರಿಸುವಾಗ ಮನೆಯ ಸುತ್ತ ಇಂಥದ್ದೇನಿದೆ ಎಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಮಗುವಿನ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 45 ಮೈಕ್ರೋಗ್ರಾಂ ದಾಟಿದರೆ ಸಾಮಾನ್ಯವಾಗಿ ಬಂಧಕ ಔಷಧ ಕೊಡುತ್ತಾರೆ. ಅದಕ್ಕಿಂತ ಕಡಿಮೆಯಿದ್ದರೆ ಮೂಲ ತೆಗೆಯುವುದು, ಕಬ್ಬಿಣ ಕ್ಯಾಲ್ಸಿಯಂ ಇರುವ ಊಟ ಕೊಡುವುದು. ಔಷಧ ಕೊಡುವುದಿದ್ದರೂ ಮೊದಲು ಮಗುವನ್ನು ಸೀಸದ ಜಾಗದಿಂದ ದೂರ ಒಯ್ಯಬೇಕು, ಇಲ್ಲದಿದ್ದರೆ ಒಂದು ಕಡೆ ತೆಗೆದಷ್ಟು ಇನ್ನೊಂದು ಕಡೆ ಸೇರುತ್ತದೆ. ಚಿಕಿತ್ಸೆ ಮುಗಿದಾಗ ಬಂದ ಕಡಿಮೆ ಅಂಕಿಯನ್ನು ನಂಬಿ ಸುಮ್ಮನಾಗುವಂತಿಲ್ಲ. ಎಲುಬಿನಲ್ಲಿ ಕೂತ ಸೀಸ ನಿಧಾನವಾಗಿ ರಕ್ತಕ್ಕೆ ಇಳಿದು ಅಂಕಿಯನ್ನು ಮತ್ತೆ ಏರಿಸುವುದರಿಂದ, ಎರಡು ಮೂರು ವಾರದ ನಂತರ ಇನ್ನೊಮ್ಮೆ ರಕ್ತ ಕೊಟ್ಟು ನೋಡಬೇಕು.